ಹೆಡ್ ಇಳಿಸದೆ ಪ್ಲಗ್ ಥ್ರೆಡ್ ಉಳಿಸುವುದು

(ಶಿವಮೊಗ್ಗ ಜಿಲ್ಲೆಯ ಅಡಿಕೆ ಬೆಳೆಗಾರರು ಮತ್ತು ಗ್ಯಾರೇಜಿನವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಂಜಿನ್ನಿನ ಹೆಡ್ಡಿನಲ್ಲಿ, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳದಲ್ಲಿ, ಸ್ಪಾರ್ಕ್ ಪ್ಲಗ್ ಕೂರುವ ತೂತಿನ ಥ್ರೆಡ್ ಹೋಯಿತೆಂದರೆ ನಮ್ಮ ಕಡೆ ಸಿಗುವುದು ಎರಡೇ ಸಲಹೆ. ಒಂದು, "ಹೆಡ್ ಇಳಿಸಿ ಲೇತಿಗೆ ಕೊಡಿ." ಇನ್ನೊಂದು, "ಏನಾದರೂ ಸುತ್ತಿ ಬಿಗಿ ಮಾಡಿ, ಸದ್ಯಕ್ಕೆ ಓಡುತ್ತದೆ." ಮೊದಲನೆಯದನ್ನು ಹೇಳುವವರು ಕೆಲಸ ಬಲ್ಲವರು, ಎರಡನೆಯವರು ಅಡ್ಡದಾರಿಯವರು ಎಂಬ ತೀರ್ಮಾನವೂ ಅದರ ಜೊತೆಗೇ ಬರುತ್ತದೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಹೆಡ್ ಇದ್ದಲ್ಲೇ ಇರಲಿ, ಥ್ರೆಡ್ ಮಾತ್ರ ಹೊಸದಾಗಲಿ ಎನ್ನುವ ದಾರಿ ಅದು. ಲೇತ್ ನಡೆಸುವ ನಾನೇ ಇದನ್ನು ಹೇಳಿದರೆ ಗಿರಾಕಿ ಕಳೆದುಕೊಳ್ಳುತ್ತೇನೆ ಎಂದು ಸ್ನೇಹಿತರು ತಮಾಷೆ ಮಾಡಿದರು. ಹೆಡ್ ಇಳಿಸಲೇಬೇಕಾದ ಕೆಲಸಗಳು ಬೇಕಾದಷ್ಟಿವೆ, ನನ್ನ ಲೇತಿಗೆ ಬರಗಾಲವೇನೂ ಬರುವುದಿಲ್ಲ.

ಮೇ ಕೊನೆಯಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಆಳು ಸಿಕ್ಕಿ, ಮಳೆ ನಾಲ್ಕು ದಿನ ಬಿಡುವು ಕೊಟ್ಟಾಗ ಪಂಪಿನ ಪ್ಲಗ್ ಕೈಗೇ ಕಿತ್ತು ಬಂದರೆ ಏನಾಗುತ್ತದೆ ಎಂದು ತೋಟದವರಿಗೆ ವಿವರಿಸಬೇಕಾಗಿಲ್ಲ. ಬೈಕಿನದಾದರೂ ಅಷ್ಟೇ. ಹೆಡ್ ಇಳಿಸುವುದೆಂದರೆ ಟೈಮಿಂಗ್ ಚೈನ್ ಸಡಿಲಿಸಬೇಕು, ಹೆಡ್ ಗ್ಯಾಸ್ಕೆಟ್ ಹೊಸದು ತರಬೇಕು, ಹೆಡ್ ಜೊತೆ ಸಿಲಿಂಡರೂ ಸ್ವಲ್ಪ ಮೇಲೆದ್ದಿತೋ ಕೆಳಗಿನ ಗ್ಯಾಸ್ಕೆಟ್ಟೂ ಹೋಯಿತು. ಒಂದು ತೂತಿನ ಕೆಲಸಕ್ಕೆ ಅರ್ಧ ಇಂಜಿನ್ ಬಿಚ್ಚಿ, ಚೆನ್ನಾಗಿದ್ದ ನಾಲ್ಕು ಜೋಡಣೆಗಳನ್ನು ಅಲುಗಾಡಿಸಿದಂತಾಗುತ್ತದೆ.

ಇದು ಬಡವರ ಉಪಾಯವೂ ಅಲ್ಲ. ಅಮೆರಿಕದ ಫೋರ್ಡ್ ಟ್ರೈಟನ್ ಇಂಜಿನ್‌ಗಳ ಹಳೆಯ ಹೆಡ್‌ಗಳಲ್ಲಿ ಪ್ಲಗ್ಗನ್ನು ಹಿಡಿಯಲು ಇದ್ದದ್ದು ಸುಮಾರು ನಾಲ್ಕು ಸುತ್ತು ಥ್ರೆಡ್. ಪ್ಲಗ್ ಹಾರಿಹೋಗುವುದಕ್ಕೇ ಆ ಇಂಜಿನ್ ಹೆಸರಾಯಿತು. ಎಂಟು ಸಿಲಿಂಡರಿನ ಇಂಜಿನ್ನಿನ ಹೆಡ್ ಇಳಿಸುವ ಖರ್ಚು ನೋಡಿ ಅಲ್ಲಿನವರು ಗಾಡಿಯಲ್ಲೇ ಬುಷ್, ಅಂದರೆ ಹೊಸ ಥ್ರೆಡ್ ಇರುವ ಲೋಹದ ಕೊಳವೆ, ಹಾಕುವ ಕಿಟ್‌ಗಳನ್ನು ರೂಢಿಗೆ ತಂದರು.

ಈಗ ವಿಷಯಕ್ಕೆ ಬರೋಣ. ಥ್ರೆಡ್ ಹೋಗಿದೆ ಎನ್ನುವ ಮೊದಲು ಎಷ್ಟು ಹೋಗಿದೆ ಎಂದು ನೋಡಬೇಕು. ಮೇಲಿನ ಒಂದೆರಡು ಸುತ್ತು ಮಾತ್ರ ಅಡ್ಡ ಕಡಿದಿರುವುದು ಒಂದು ಬಗೆ. ಪ್ಲಗ್ಗನ್ನು ಓರೆಯಾಗಿ ಇಟ್ಟು, ಕೈಯಲ್ಲಿ ತಿರುಗಿಸದೆ ನೇರ ಪಾನಾ ಹಾಕಿದಾಗ ಆಗುವುದು ಇದು. ಎರಡನೆಯದು, ಪ್ಲಗ್ ಬಿಚ್ಚಿದಾಗ ಅದರ ಮೈಗೆ ಅಲ್ಯೂಮಿನಿಯಂ ಎಳೆ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಬಂದಿರುತ್ತದೆ. ಹೆಡ್ಡಿನ ಥ್ರೆಡ್ಡೇ ಪ್ಲಗ್ಗಿನ ಜೊತೆ ಎದ್ದು ಬಂದಿದೆ ಎಂದರ್ಥ. ಮೂರನೆಯದು, ತೂತಿನ ಅಂಚಿನಿಂದ ವಾಲ್ವ್ ಮುಚ್ಚಿ ಕೂರುವ ಸೀಟಿನ ಕಡೆಗೆ ಕೂದಲೆಳೆಯ ಬಿರುಕು. ಮೂರನೆಯದಾದರೆ ಇವತ್ತಿನ ನನ್ನ ಮಾತು ನಿಮಗೆ ಉಪಯೋಗವಿಲ್ಲ, ಹೆಡ್ ಇಳಿಸಿ.

ಮೊದಲ ಬಗೆಗೆ ಹೊಸ ಥ್ರೆಡ್ ಕೊಯ್ಯುವ ಅಗತ್ಯವೇ ಇಲ್ಲ. ಇದ್ದ ಥ್ರೆಡ್ಡನ್ನು ದಾರಿಗೆ ತಂದರೆ ಸಾಕು. ಅದಕ್ಕೆ ಥ್ರೆಡ್ ಚೇಸರ್ ಎಂಬ ಸಲಕರಣೆ ಇದೆ. ಥ್ರೆಡ್ ಕೊಯ್ಯುವ ಸಾಮಾನ್ಯ ಟ್ಯಾಪ್ ಲೋಹವನ್ನು ಕೊಯ್ದು ತೆಗೆಯುತ್ತದೆ, ಚೇಸರ್ ಬಗ್ಗಿದ್ದನ್ನು ನೆಟ್ಟಗೆ ಮಾಡುತ್ತದೆ. ಮೇಲಿನ ಸುತ್ತು ತೀರಾ ಕೆಟ್ಟಿದ್ದರೆ ಒಳಗೆ ಇಳಿಸಿ, ಅಲ್ಲಿ ಅರಳಿಸಿ, ಕೆಳಗಿನಿಂದ ಮೇಲಕ್ಕೆ ತಿರುಗಿಸುತ್ತಾ ಬರುವ ಬ್ಯಾಕ್ ಟ್ಯಾಪ್ ಇನ್ನೂ ಒಳ್ಳೆಯದು. ಕೆಳಗಿನ ಥ್ರೆಡ್ ಹಾಳಾಗಿರುವುದಿಲ್ಲವಲ್ಲ, ಅದೇ ದಾರಿ ತೋರಿಸುತ್ತದೆ. ಎರಡೂ ಇಲ್ಲದ ಹಳ್ಳಿಯ ಗ್ಯಾರೇಜಿನಲ್ಲಿ, ಅದೇ ಅಳತೆಯ ಹಳೆಯ ಪ್ಲಗ್ ತೆಗೆದುಕೊಂಡು ಅದರ ಥ್ರೆಡ್ಡಿನ ಮೇಲೆ ಉದ್ದಕ್ಕೆ ಮೂರು ನಾಲ್ಕು ಗೀರು ಕೊಯ್ದರೆ ಅದೇ ಚೇಸರ್. ಗೀರಿನ ಅಂಚುಗಳನ್ನು ಅರದಿಂದ ಉಜ್ಜಿ, ಕೆಳಗಿನ ಎಲೆಕ್ಟ್ರೋಡಿನ ಕೊಕ್ಕೆಯನ್ನು ಕತ್ತರಿಸಿ ತೆಗೆದು, ಗೀರಿನೊಳಗೆ ಗ್ರೀಸ್ ತುಂಬಿ, ಬೆರಳಿನಿಂದಲೇ ತಿರುಗಿಸಿ ನೋಡಿ. ಕಾಲು ಸುತ್ತು ಮುಂದೆ, ಅಷ್ಟೇ ಹಿಂದೆ. ಬೆರಳಿಗೆ ಜಗ್ಗದಿದ್ದರೆ ಚಿಕ್ಕ ಪಾನಾ. ಅದಕ್ಕೂ ಬಲ ಬೇಕಾಯಿತೆಂದರೆ ನೀವು ಹಳೆಯ ದಾರಿಯಲ್ಲಿಲ್ಲ, ಹೊಸ ದಾರಿ ತೋಡುತ್ತಿದ್ದೀರಿ. ನಿಲ್ಲಿಸಿ.

ಇನ್ನು ಎರಡನೆಯ ಬಗೆ. ಇಲ್ಲಿ ಅಳತೆ ಗೊತ್ತಿಲ್ಲದೆ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ. ನಮ್ಮ 100 ಸಿಸಿ ಬೈಕುಗಳಲ್ಲಿ ಹೆಚ್ಚಿನವಕ್ಕೆ 10 ಎಂ.ಎಂ. ಪ್ಲಗ್, ಥ್ರೆಡ್ ಸುತ್ತಿನಿಂದ ಸುತ್ತಿಗೆ 1 ಎಂ.ಎಂ. ಹಳೆಯ ಸ್ಕೂಟರು, ಕಳೆ ಕೊಯ್ಯುವ ವೀಡ್ ಕಟ್ಟರ್, ಹಳೆಯ ಕಾರುಗಳಿಗೆ 14 ಎಂ.ಎಂ., ಸುತ್ತಿನ ಅಂತರ 1.25. ನಡುವೆ 12 ಎಂ.ಎಂ. ಕೂಡ ಇದೆ. ಎನ್‌ಜಿಕೆ ಕಂಪನಿಯ ಪ್ಲಗ್ಗಾದರೆ ಸಂಖ್ಯೆಯ ಮೊದಲ ಅಕ್ಷರವೇ ಹೇಳುತ್ತದೆ: ಬಿ ಎಂದರೆ 14, ಸಿ ಎಂದರೆ 10, ಡಿ ಎಂದರೆ 12. ಕೊನೆಯ ಕಡೆ ಬರುವ ಎಚ್ ಎಂದರೆ ಥ್ರೆಡ್ಡಿನ ಉದ್ದ 12.7 ಎಂ.ಎಂ., ಇ ಎಂದರೆ 19.

ಈ ಉದ್ದವನ್ನು ಯಾರೂ ನೋಡುವುದಿಲ್ಲ, ಅರ್ಧ ಅನಾಹುತಗಳು ಹುಟ್ಟುವುದೇ ಇಲ್ಲಿ. 19 ಇರಬೇಕಾದಲ್ಲಿ 12.7ರ ಪ್ಲಗ್ ಹಾಕಿದರೂ ಗಾಡಿ ಸ್ಟಾರ್ಟ್ ಆಗುತ್ತದೆ, ಅಂಗಡಿಯವರಿಗೂ ಸಮಾಧಾನ. ಆದರೆ ಕೆಳಗೆ ಬರಿದಾಗಿ ಉಳಿದ ಥ್ರೆಡ್ಡಿನಲ್ಲಿ ಮಸಿ ಕಟ್ಟಿ ಕಲ್ಲಾಗುತ್ತದೆ. ವರ್ಷದ ಮೇಲೆ ಇನ್ಯಾರೋ ಸರಿಯಾದ ಪ್ಲಗ್ ತಂದು ಹಾಕುತ್ತಾರೆ. ಅದು ಅರ್ಧಕ್ಕೆ ಬಂದು ಮಸಿಗೆ ಸಿಕ್ಕಿ ನಿಲ್ಲುತ್ತದೆ, ಅವರು ಪಾನಾಕ್ಕೆ ಪೈಪ್ ತೂರಿಸಿ ಎಳೆಯುತ್ತಾರೆ, ಥ್ರೆಡ್ ಹೋಗುತ್ತದೆ. ಸರಿಯಾದ ಪ್ಲಗ್ ತಂದವನಿಗೆ ಕೆಟ್ಟ ಹೆಸರು.

ಹೊಸ ಥ್ರೆಡ್ ಕೂರಿಸಲು ಎರಡು ವಿಧಾನ. ಒಂದು ಹೆಲಿಕಾಯಿಲ್, ಅಂದರೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ. ಇನ್ನೊಂದು ಹೊರಗೂ ಒಳಗೂ ಥ್ರೆಡ್ ಇರುವ ಗಟ್ಟಿ ಬುಷ್. ನಮ್ಮವರಿಗೆ ಬುಷ್ ಎಂದರೆ ಹೆಚ್ಚು ನಂಬಿಕೆ, ತಂತಿ ಎಂದರೆ ಅನುಮಾನ. ನನಗೆ ಆ ಅನುಮಾನವಿಲ್ಲ. 14 ಎಂ.ಎಂ. ತೂತಿಗೆ ಹೆಲಿಕಾಯಿಲ್ ಹಾಕಲು ಹೊಸ ಥ್ರೆಡ್ ಹೊರ ಅಳತೆಯಲ್ಲಿ ಸುಮಾರು 15.6 ಎಂ.ಎಂ.ಗೆ ಹೋದರೆ ಸಾಕು. ಲೇತಿನಲ್ಲಿ ಮಾಡುವ ಬುಷ್ ಹಲವು ಸಲ 18 ಎಂ.ಎಂ. ಬೇಡುತ್ತದೆ. 10 ಎಂ.ಎಂ. ಪ್ಲಗ್ಗಿನ ಚಿಕ್ಕ ಹೆಡ್ಡಿನಲ್ಲಿ ತೂತಿಗೂ ವಾಲ್ವ್ ಸೀಟಿಗೂ ನಡುವೆ ಇರುವ ಗೋಡೆಯೇ ತೆಳು, ಅಲ್ಲಿ ಒಂದೊಂದು ಎಂ.ಎಂ. ಕೊರೆಯುವಾಗಲೂ ಯೋಚಿಸಬೇಕು. ಹಾಗಾಗಿ 10ಕ್ಕೆ ನಾನು ತಂತಿಯನ್ನೇ ಹಾಕುತ್ತೇನೆ. 14ಕ್ಕೆ, ಸುತ್ತ ಮಾಂಸ ಇದ್ದರೆ, ಬುಷ್ ಆಗಬಹುದು.

ಬುಷ್ಷಿನಲ್ಲಿ ಇನ್ನೊಂದು ತಕರಾರಿದೆ. ಕಾಲರ್ ಇರುವ ಬುಷ್ಷನ್ನು ಹಾಗೇ ತಂದು ಕೂರಿಸಿದರೆ ಕಾಲರ್ ಎಷ್ಟು ದಪ್ಪವೋ ಅಷ್ಟು ಪ್ಲಗ್ ಮೇಲೆ ನಿಲ್ಲುತ್ತದೆ. ಕಿಡಿ ಹೊಡೆಯಬೇಕಾದ ತುದಿ ಗೂಡಿನೊಳಗೆ ಅಡಗುತ್ತದೆ. ಅದಕ್ಕೆ ಕಾಲರ್ ಮುಳುಗುವಷ್ಟು ಹೆಡ್ಡಿನ ಮುಖವನ್ನು ಮಟ್ಟಸವಾಗಿ ಕೆತ್ತಬೇಕು. ಪ್ಲಗ್ಗಿನ ವಾಷರ್ ಈಗ ಕೂರುವುದು ಹೆಡ್ಡಿನ ಮೇಲಲ್ಲ, ಬುಷ್ಷಿನ ಮೇಲೆ. ಬುಷ್ಷಿಗೂ ಹೆಡ್ಡಿಗೂ ನಡುವೆ ಗಾಳಿ ಸೋರಿದರೆ ಎಷ್ಟೇ ಒಳ್ಳೆಯ ಪ್ಲಗ್ ಹಾಕಿಯೂ ಪ್ರಯೋಜನವಿಲ್ಲ.

ಕೆಲಸಕ್ಕೆ ಇಳಿಯೋಣ. ನಾಲ್ಕು ಸ್ಟ್ರೋಕ್ ಬೈಕು ಎಂದಿಟ್ಟುಕೊಳ್ಳಿ. ಪ್ಲಗ್ಗಿನ ಸುತ್ತ ಕೂತಿರುವ ಕೆಮ್ಮಣ್ಣನ್ನು ಮೊದಲು ಗಾಳಿ ಹೊಡೆದು ತೆಗೆಯಿರಿ. ಮಳೆಗಾಲದಲ್ಲಿ ಓಡಿದ ಗಾಡಿಯಾದರೆ ಅಲ್ಲಿ ಒಂದು ತೋಟಕ್ಕಾಗುವಷ್ಟು ಮಣ್ಣಿರುತ್ತದೆ. ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ ಮೇಲೆ ಬರುವಂತೆ ಇಂಜಿನ್ ತಿರುಗಿಸಿ, ಆಗ ಎರಡು ವಾಲ್ವ್‌ಗಳೂ ಮುಚ್ಚಿರುತ್ತವೆ. ಅಲ್ಲಿಂದ ಟ್ಯಾಪಿನ ತುದಿ ತಾಗದಷ್ಟು ಪಿಸ್ಟನ್ ಕೆಳಗಿಳಿಸಿ. ವಾಲ್ವ್ ಮುಚ್ಚಿರಲೇಬೇಕು, ಏಕೆಂದರೆ ಟ್ಯಾಪ್ ಕೊಯ್ದ ಲೋಹದ ತುರಿ ಬಿದ್ದರೂ ಪಿಸ್ಟನ್ ತಲೆಯ ಮೇಲೆ ಬೀಳಬೇಕೇ ಹೊರತು ವಾಲ್ವ್ ಸೀಟಿನ ಮೇಲಲ್ಲ.

ಟ್ಯಾಪ್ ಎರಡು ಹಂತದ್ದಾಗಿರಬೇಕು. ತುದಿಯ ಸಣ್ಣ ಭಾಗ ಹಳೆಯ ಥ್ರೆಡ್ಡಿನಲ್ಲಿ ಉಳಿದಿರುವ ಅಷ್ಟಿಷ್ಟನ್ನು ಹಿಡಿದು ಇಳಿಯುತ್ತದೆ, ಹಿಂದಿನ ದೊಡ್ಡ ಭಾಗ ಹೊಸ ಥ್ರೆಡ್ ಕೊಯ್ಯುತ್ತದೆ. ಡ್ರಿಲ್ ಮಿಷನ್ ಬೇಡವೇ ಬೇಡ. ಹೆಡ್ ಮೇಜಿನ ಮೇಲಿದ್ದರೆ ಮಿಲ್ಲಿಂಗ್ ಮಿಷನ್ ನೆಟ್ಟಗೆ ನಿಲ್ಲಿಸುತ್ತದೆ, ಗಾಡಿಯಲ್ಲಿದ್ದಾಗ ನಿಲ್ಲಿಸಬೇಕಾದದ್ದು ನಿಮ್ಮ ಕೈ ಮತ್ತು ಆ ತುದಿಯ ಭಾಗ. ಒಂದಿಷ್ಟು ಓರೆಯಾದರೂ ಪ್ಲಗ್ಗಿನ ವಾಷರ್ ಒಂದು ಕಡೆ ಒತ್ತಿ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಆಳದ ಗುಂಡಿಯಲ್ಲಿ ಪ್ಲಗ್ ಇರುವ ಗಾಡಿಗಳಲ್ಲಿ ಉದ್ದದ ಎಕ್ಸ್‌ಟೆನ್ಷನ್ ಓಲಾಡುತ್ತದೆ, ಅದನ್ನು ಒಂದು ಕೈಯಲ್ಲಿ ಹಿಡಿದೇ ತಿರುಗಿಸಬೇಕು. ಟ್ಯಾಪನ್ನು ನೇರವಾಗಿ ಹಾಕಲು ಜಾಗವೇ ಇಲ್ಲದ ಸ್ಕೂಟರುಗಳೂ ಇವೆ. ಅಲ್ಲಿ ಹಟ ಹಿಡಿಯಬೇಡಿ.

ಟ್ಯಾಪಿನ ಗೀರುಗಳಿಗೆ ದಪ್ಪ ಗ್ರೀಸ್ ತುಂಬಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಎರಡು ಮೂರು ಸುತ್ತಿಗೊಮ್ಮೆ ಪೂರ್ತಿ ಹೊರತೆಗೆದು, ತುರಿ ಹಿಡಿದ ಗ್ರೀಸನ್ನು ಒರೆಸಿ, ಹೊಸದು ತುಂಬಿ ಮತ್ತೆ ಇಳಿಸಿ. ಒರೆಸಿದ ಬಟ್ಟೆಯನ್ನು ಎಸೆಯಬೇಡಿ. ಅದರ ಮೇಲೆ ಮಿಂಚುವ ತುರಿಯನ್ನು ನೋಡುತ್ತಾ ಇದ್ದರೆ ಎಷ್ಟು ಹೊರಗೆ ಬಂತು, ಎಷ್ಟು ಒಳಗೆ ಉಳಿದಿರಬಹುದು ಎಂಬ ಅಂದಾಜು ಸಿಗುತ್ತದೆ. ಥ್ರೆಡ್ ಕೊಯ್ಯುವುದು ಹತ್ತು ನಿಮಿಷದ ಕೆಲಸ. ತುರಿಯ ಲೆಕ್ಕ ಇಡುವುದೇ ಈ ರಿಪೇರಿ. ಹೆಡ್ ಇಳಿಸಬೇಕೋ ಬೇಡವೋ ಎಂಬ ವಾದಕ್ಕೂ ನಿಜವಾದ ಪ್ರಶ್ನೆ ಅದೊಂದೇ: ತುರಿ ಎಲ್ಲಿಗೆ ಹೋಗುತ್ತದೆ, ಅದನ್ನು ಹೊರತರಲು ನಿಮ್ಮಲ್ಲಿ ದಾರಿ ಇದೆಯೇ?

ದಾರಿಗಳಿವೆ. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ತೆಳು ಪೈಪ್ ಕಟ್ಟಿ ಒಳಗೆ ಆಡಿಸಬಹುದು. ಗ್ರೀಸ್ ಹಚ್ಚಿದ ಕಡ್ಡಿಯಿಂದ ಪಿಸ್ಟನ್ ತಲೆಯನ್ನು ಸವರಿ ಎತ್ತಬಹುದು. ಅಯಸ್ಕಾಂತ ತರಬೇಡಿ, ಅಲ್ಯೂಮಿನಿಯಂ ಅದಕ್ಕೆ ಬಗ್ಗುವುದಿಲ್ಲ. ಕೊನೆಗೆ ಕಣ್ಣಿಗೆ ಕನ್ನಡಕ ಹಾಕಿಕೊಂಡು ಗಾಳಿ ಹೊಡೆಯಿರಿ, ತೂತಿನ ಮೇಲೆ ಬಟ್ಟೆ ಹಿಡಿದಿರಿ. ಈಗ ಮೊಬೈಲಿಗೆ ಸಿಕ್ಕಿಸುವ 5.5 ಎಂ.ಎಂ.ನ ಕ್ಯಾಮೆರಾಗಳು ಕಡಿಮೆ ಬೆಲೆಗೆ ಸಿಗುತ್ತವೆ, 10 ಎಂ.ಎಂ. ತೂತಿನಲ್ಲೂ ಆರಾಮವಾಗಿ ಇಳಿಯುತ್ತವೆ. ಹಿಂದೆ ಹೆಡ್ ಇಳಿಸುವವರ ಬಲವಾದ ವಾದ "ಒಳಗೆ ಕಾಣುವುದಿಲ್ಲವಲ್ಲ" ಎಂಬುದಾಗಿತ್ತು. ಆ ವಾದಕ್ಕೆ ಈಗ ಅಷ್ಟು ಬಲವಿಲ್ಲ.

ಒಂದೆರಡು ಕಣ ಉಳಿದರೆ? ಅಲ್ಯೂಮಿನಿಯಂ ತುರಿ ಸಿಲಿಂಡರಿನ ಒಳಗೋಡೆಯಾದ ಎರಕದ ಕಬ್ಬಿಣದ ಬೋರಿಗಿಂತ ಮೆದು, ಧೂಳಿನಷ್ಟಿದ್ದರೆ ಹೊಗೆಯ ದಾರಿಯಲ್ಲಿ ಹೋಗುತ್ತದೆ. ದೊಡ್ಡ ಸುರುಳಿ ವಾಲ್ವ್ ಸೀಟಿನಲ್ಲಿ ಸಿಕ್ಕಿಕೊಂಡರೆ ಮಾತ್ರ ಕಂಪ್ರೆಷನ್ ಹೋಗಿ, ವಾಲ್ವ್ ಸುಡುತ್ತದೆ. ಸ್ಟೀಲಿನ ಚೂರು ಬಿದ್ದರೆ ಕಥೆ ಬೇರೆ. ಟ್ಯಾಪ್ ಒಳಗೆ ಮುರಿದರೆ ಮಾತೇ ಇಲ್ಲ, ಆ ಕ್ಷಣ ಪಾನಾ ಕೆಳಗಿಟ್ಟು ಹೆಡ್ ಬೋಲ್ಟ್ ಬಿಚ್ಚಲು ಶುರು ಮಾಡಿ.

ಹೆಲಿಕಾಯಿಲ್ ಕೂರಿಸುವಾಗ ಸ್ಟೀಲ್ ಚೂರು ಬೀಳುವ ಅಪಾಯ ಇದೆ. ಸುರುಳಿಯ ಕೆಳತುದಿಯಲ್ಲಿ ಒಳಕ್ಕೆ ಬಾಗಿದ ಒಂದು ನಾಲಿಗೆ ಇರುತ್ತದೆ. ಅದನ್ನು ಹಿಡಿದು ತಿರುಗಿಸಿಯೇ ಸುರುಳಿಯನ್ನು ಒಳಗಿಳಿಸುವುದು. ಕೂತ ಮೇಲೆ ನಾಲಿಗೆಯನ್ನು ಮುರಿದು ತೆಗೆಯಬೇಕು. ಬೇರೆ ಕೆಲಸಗಳಲ್ಲಿ ಅದಕ್ಕೆ ಪಂಚ್ ಇಟ್ಟು ಒಂದು ಏಟು ಹಾಕುವುದು ರೂಢಿ. ಇಲ್ಲಿ ಹಾಗೆ ಮಾಡಿದರೆ ನಾಲಿಗೆ ನೇರ ಸಿಲಿಂಡರಿಗೆ ಹೋಗುತ್ತದೆ. ಚೂಪು ಮೂತಿಯ ಇಕ್ಕಳದಲ್ಲಿ ಕಚ್ಚಿ ಹಿಡಿದು, ಮೇಲೆ ಕೆಳಗೆ ಆಡಿಸಿ ಮುರಿಯಿರಿ, ಮುರಿದ ತುಂಡನ್ನು ಕೈಯಲ್ಲಿ ನೋಡಿದ ಮೇಲೆಯೇ ಮುಂದಿನ ಕೆಲಸ. ನಾಲಿಗೆಯಿಲ್ಲದ ಸುರುಳಿಗಳೂ ಬರುತ್ತವೆ, ಸಿಕ್ಕರೆ ಅವನ್ನೇ ತನ್ನಿ. ಸುರುಳಿಯ ಮೇಲ್ತುದಿ ಹೆಡ್ಡಿನ ಮುಖಕ್ಕಿಂತ ಕಾಲಿನಿಂದ ಅರ್ಧ ಸುತ್ತು ಕೆಳಗಿರಬೇಕು. ಕೆಳಗಡೆ ಅದು ಉರಿಯುವ ಕೋಣೆಯೊಳಕ್ಕೆ ಇಣುಕಬಾರದು. ಇಣುಕಿದ ತಂತಿ ಕೆಂಪಗೆ ಕಾದು, ಕಿಡಿ ಬರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ.

ಈಗ ನಮ್ಮ ತೋಟದ ಯಂತ್ರಗಳಿಗೆ ಬರುತ್ತೇನೆ. ಎರಡು ಸ್ಟ್ರೋಕಿನ ವೀಡ್ ಕಟ್ಟರ್ ತಂದು "ಹೆಡ್ ಇಳಿಸಬೇಕಾ?" ಎಂದು ಕೇಳುವವರಿಗೆ ನನ್ನ ಉತ್ತರ: ಹೆಡ್ ಎಲ್ಲಿದೆ ತೋರಿಸಿ, ಮಾರಾಯರೆ. ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಸಿಲಿಂಡರೂ ಹೆಡ್ಡೂ ಒಂದೇ ಎರಕ. ಇಳಿಸುವುದಾದರೆ ಇಡೀ ಸಿಲಿಂಡರನ್ನೇ ಎತ್ತಬೇಕು. ಅನೇಕ ಯಂತ್ರಗಳ ಪ್ಲಗ್ 14 ಎಂ.ಎಂ., ಉದ್ದ ಬರೀ 9.5 ಎಂ.ಎಂ. ಲೆಕ್ಕ ಹಾಕಿದರೆ ಏಳೂವರೆ ಸುತ್ತು. ಅಷ್ಟರಲ್ಲಿ ಎರಡು ಹೋದರೂ ಉಳಿದದ್ದಕ್ಕೆ ಹೊರೆ ಹೆಚ್ಚು.

ಇಲ್ಲಿ ವಾಲ್ವ್ ಇಲ್ಲ, ಆದರೆ ಬೋರಿನ ಗೋಡೆಯಲ್ಲಿ ಕಿಂಡಿಗಳಿವೆ. ಆ ಕಿಂಡಿಯಿಂದ ತುರಿ ಕ್ರ್ಯಾಂಕ್ ಕೇಸಿಗೆ ಇಳಿದರೆ ಅಲ್ಲಿ ಬೇರಿಂಗ್ ಇದೆ, ಹೊರತರುವುದು ಕಷ್ಟ. ಆದ್ದರಿಂದ ಪಿಸ್ಟನ್ ಎಲ್ಲ ಕಿಂಡಿಗಳನ್ನೂ ಮುಚ್ಚುವಷ್ಟು ಮೇಲಿರಬೇಕು, ಟ್ಯಾಪಿಗೆ ತಾಗದಷ್ಟು ಕೆಳಗೂ ಇರಬೇಕು. ಸೈಲೆನ್ಸರ್ ಬಿಚ್ಚಿದರೆ ಕಿಂಡಿ ಮುಚ್ಚಿದ್ದು ಕಣ್ಣಿಗೇ ಕಾಣುತ್ತದೆ. ಆದರೆ ಈ ಯಂತ್ರಕ್ಕೆ ಬೈಕಿಗಿಲ್ಲದ ಒಂದು ಅನುಕೂಲವಿದೆ: ಅದನ್ನು ತಲೆಕೆಳಗು ಮಾಡಬಹುದು. ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಇಂಜಿನ್ನನ್ನು ವೈಸಿನ ಪಕ್ಕ ಕಟ್ಟಿ, ಪ್ಲಗ್ ತೂತು ನೆಲ ನೋಡುವ ಹಾಗೆ ನಿಲ್ಲಿಸಿ ಕೆಳಗಿನಿಂದ ಟ್ಯಾಪ್ ತಿರುಗಿಸಿದರೆ ತುರಿ ತಾನಾಗಿ ನಿಮ್ಮ ಅಂಗೈಗೆ ಬೀಳುತ್ತದೆ.

ಥ್ರೆಡ್ ಹಾಳಾಗಲು ನಮ್ಮ ಕಡೆ ಇನ್ನೊಂದು ಕಾರಣವಿದೆ, ಅದನ್ನು ಬೇರೆ ಊರಿನ ಮೆಕ್ಯಾನಿಕ್‌ಗಳು ಯೋಚಿಸಿರಲಾರರು. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಸರಿಯಾಗಿದೆಯೇ ಎಂದು ನೋಡಲು ಹೊಳೆಯುವ ಚಾಕು ಅದ್ದುತ್ತೀರಿ. ಕೆಂಪು ಕೂತರೆ ಸುಣ್ಣ ಸಾಲದು ಎನ್ನುತ್ತೀರಿ. ಆ ಕೆಂಪು ಎಂದರೆ ತಾಮ್ರ, ಅದು ಕೂರುವಾಗ ಅಷ್ಟು ಕಬ್ಬಿಣ ಕರಗಿರುತ್ತದೆ. ಮೈಲುತುತ್ತದ ನೀರು ಅಲ್ಯೂಮಿನಿಯಂ ಮೇಲೂ ಇದೇ ಕೆಲಸ ಮಾಡುತ್ತದೆ, ಮೇಲಿನ ಆಕ್ಸೈಡ್ ಪೊರೆಯಿಂದಾಗಿ ಸ್ವಲ್ಪ ನಿಧಾನ. ಪಂಪಿನ ಪ್ಲಗ್ ಬುಡದಲ್ಲಿ ನೀಲಿ ಕಲೆ ಒಣಗಿ ಕೂತು, ಮಳೆಯಲ್ಲಿ ಮತ್ತೆ ನೆನೆದು, ಸ್ಟೀಲ್ ಪ್ಲಗ್ಗೂ ಅಲ್ಯೂಮಿನಿಯಂ ಹೆಡ್ಡೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಔಷಧಿ ಹೊಡೆದ ಸಂಜೆ ಡ್ರಮ್ಮು, ಪೈಪು ತೊಳೆಯುವವರು ಇಂಜಿನ್ ತಣ್ಣಗಾದ ಮೇಲೆ ಪ್ಲಗ್ ಬುಡವನ್ನೂ ತೊಳೆದು ಒರೆಸಿ. ಕಚ್ಚಿಕೊಂಡ ಪ್ಲಗ್ಗನ್ನು ಬಿಚ್ಚುವಾಗ ಒಂದೇ ಸಲಕ್ಕೆ ಎಳೆಯಬೇಡಿ. ಸ್ವಲ್ಪ ಸಡಿಲಿಸಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮತ್ತೆ ಒಳಕ್ಕೆ ತಿರುಗಿಸಿ, ಮತ್ತೆ ಸಡಿಲಿಸಿ.

ಬಿಗಿ ಎಷ್ಟಿರಬೇಕು? ಅಲ್ಯೂಮಿನಿಯಂ ಹೆಡ್ಡಿನಲ್ಲಿ ವಾಷರ್ ಇರುವ ಪ್ಲಗ್ಗಿಗೆ, 14 ಎಂ.ಎಂ.ಗೆ 25ರಿಂದ 30 ನ್ಯೂಟನ್ ಮೀಟರ್, 12ಕ್ಕೆ 15ರಿಂದ 20, 10ಕ್ಕೆ 10ರಿಂದ 12. ಅಂದರೆ 20 ಸೆಂಟಿಮೀಟರ್ ಉದ್ದದ ಪಾನಾದ ತುದಿಯಲ್ಲಿ 5 ಕಿಲೋ ಎಳೆತ ಬಿದ್ದರೆ 10 ಎಂ.ಎಂ. ಪ್ಲಗ್ಗಿಗೆ ಸಾಕು. ತೋಟದಲ್ಲಿ ದುಡಿದ ಕೈಗೆ 20 ಕಿಲೋ ಎಳೆಯುವುದು ಲೆಕ್ಕವೇ ಅಲ್ಲ, ನಾಲ್ಕು ಪಟ್ಟು ಬಿಗಿ. ಟಾರ್ಕ್ ಪಾನಾ ಇಲ್ಲದವರು ಬೆರಳಿನಿಂದ ವಾಷರ್ ಕೂರುವವರೆಗೆ ತಿರುಗಿಸಿ, ಆಮೇಲೆ ಪ್ಲಗ್ ಡಬ್ಬಿಯ ಮೇಲೆ ಅಚ್ಚಾದಷ್ಟು ಮಾತ್ರ. 14 ಎಂ.ಎಂ. ಹೊಸ ಪ್ಲಗ್ಗಿಗೆ ಸುಮಾರು ಅರ್ಧ ಸುತ್ತು. ಹಳೆಯ ವಾಷರ್ ಆಗಲೇ ಒತ್ತಿ ಚಪ್ಪಟೆಯಾಗಿರುವುದರಿಂದ ಗಡಿಯಾರದ ಚಿಕ್ಕ ಮುಳ್ಳು ಒಂದು ಗಂಟೆಯಲ್ಲಿ ಸರಿಯುವಷ್ಟು ಸಾಕು. ಥ್ರೆಡ್ಡಿಗೆ ಎಣ್ಣೆ ಹಚ್ಚಬೇಡಿ, ಜಾರಿಕೆಯಿಂದ ಅದೇ ಎಳೆತಕ್ಕೆ ಹೆಚ್ಚು ಬಿಗಿಯಾಗುತ್ತದೆ.

ಸಡಿಲ ಇದ್ದರೂ ಕಷ್ಟವೇ. ಪ್ಲಗ್ಗಿನ ತುದಿ 450 ಡಿಗ್ರಿಗಿಂತ ಮೇಲೆ ಕಾದರೆ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ, 850 ದಾಟಿದರೆ ಕಿಡಿಗೆ ಮೊದಲೇ ಬೆಂಕಿ ಹೊತ್ತಿಸುತ್ತದೆ. ಈ ನಡುವೆ ಅದನ್ನು ಇಡುವುದು ಥ್ರೆಡ್ ಮತ್ತು ವಾಷರ್ ಮೂಲಕ ಹೆಡ್ಡಿಗೆ ಹರಿಯುವ ಶಾಖ. ಸಡಿಲವಾದ ಪ್ಲಗ್ ಶಾಖ ಬಿಟ್ಟುಕೊಡುವುದಿಲ್ಲ.

ಸಭೆಯಿಂದ ಎರಡು ಪ್ರಶ್ನೆಗಳು ಬಂದವು, ಅವನ್ನೂ ಬರೆದಿಡುತ್ತೇನೆ.

ಹೊಸನಗರ ಕಡೆಯ ಹಿರಿಯರೊಬ್ಬರು, "ಪೈಪಿಗೆ ಮೆತ್ತುವ ಎಂ-ಸೀಲ್ ಹಾಕಿ ಪ್ಲಗ್ ಕೂರಿಸಿದರೆ ಒಂದು ಸೀಸನ್ ಬರುವುದಿಲ್ಲವೇ?" ಎಂದು ಕೇಳಿದರು. ಲೆಕ್ಕ ಹೀಗಿದೆ. ಉರಿಯುವಾಗಿನ ಒತ್ತಡ 50 ಬಾರ್ ಎಂದಿಟ್ಟುಕೊಂಡರೆ 14 ಎಂ.ಎಂ. ತೂತಿನಲ್ಲಿ ಪ್ಲಗ್ಗನ್ನು ಮೇಲಕ್ಕೆ ನೂಕುವ ಬಲ 75 ಕಿಲೋಗೂ ಹೆಚ್ಚು. ಎರಡು ಸ್ಟ್ರೋಕ್ ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಅಷ್ಟು ಏಟು 6000 ಸಲ ಬೀಳುತ್ತದೆ, ಅದೂ ಕಾದ ಲೋಹದ ಮೇಲೆ. ಹೆಗಲಿಗೆ ನೇತುಹಾಕಿಕೊಂಡ ಯಂತ್ರದಲ್ಲಿ ಪ್ಲಗ್ ಹಾರುವ ದಿಕ್ಕಿನಲ್ಲಿ ಯಾರಿದ್ದಾರೆ ಎಂದು ನೋಡಿಕೊಳ್ಳಿ ಎಂದೆ. ಅವರು ನಕ್ಕು ಕೂತರು.

ಇನ್ನೊಬ್ಬರು ತರುಣ ಮೆಕ್ಯಾನಿಕ್, ಸಾಗರದವರು: "ಹೆಲಿಕಾಯಿಲ್ ಹಾಕಿದ ಮೇಲೆ ಮುಂದಿನ ಸಲ ಪ್ಲಗ್ ಬಿಚ್ಚಿದಾಗ ಸುರುಳಿಯೂ ಜೊತೆಗೇ ಬಂದರೆ?" ಬರಬಹುದು. ಅದಕ್ಕೇ ಕೂರಿಸುವ ಮೊದಲು ಕೊಯ್ದ ಥ್ರೆಡ್ಡಿನ ಗ್ರೀಸನ್ನು ಚೆನ್ನಾಗಿ ತೊಳೆದು ಒಣಗಿಸಿ, ಶಾಖ ತಡೆಯುವ ಥ್ರೆಡ್ ಲಾಕ್ ಒಂದು ಹನಿ ಮಾತ್ರ ಹಾಕಿ, ಅದರ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಬೇಕು. ಗಿರಾಕಿ ಎಷ್ಟೇ ಅವಸರ ಮಾಡಲಿ. ಹಾಗೂ ಬಂದರೆ ಹೆದರುವುದು ಬೇಡ, ಹೆಡ್ಡಿನಲ್ಲಿ ದೊಡ್ಡ ಥ್ರೆಡ್ ಹಾಗೇ ಇರುತ್ತದೆ, ಹೊಸ ಸುರುಳಿ ಹಾಕಿದರಾಯಿತು. ಗಾಡಿ ಓಡಿಸಿ, ತಣ್ಣಗಾದ ಮೇಲೆ ಪ್ಲಗ್ ಬುಡಕ್ಕೆ ಸೋಪಿನ ನೀರು ಬಿಟ್ಟು ಕಿಕ್ ಹೊಡೆಯಿರಿ. ಗುಳ್ಳೆ ಬಂದರೆ ಎಲ್ಲಿಂದ ಎಂದು ನೋಡಿ, ವಾಷರ್ ಅಡಿಯಿಂದಲೋ, ಬುಷ್ಷಿನ ಹೊರಗಿನಿಂದಲೋ.

ಮಾತು ಇಷ್ಟು. ಹೊರಗೆ ಮೇಜಿನ ಮೇಲೆ 10 ಮತ್ತು 14ರ ಎರಡು ಹಂತದ ಟ್ಯಾಪ್‌ಗಳು, ಸುರುಳಿಗಳು, ಕೊಯ್ದು ಅರ್ಧ ಮಾಡಿದ ಹಳೆಯ ಹೆಡ್ ಒಂದು ಇವೆ. ಕೈಯಾಡಿಸಿ ನೋಡಿ. ವೀಡ್ ಕಟ್ಟರ್ ತಂದವರು ಮೊದಲು ಪೆಟ್ರೋಲ್ ಖಾಲಿ ಮಾಡಿಕೊಂಡು ಬನ್ನಿ.